ಹಾಳೆ ಹಿಡಿಯದ ನಿರೂಪಕ

ತುಮಕೂರು
೩ ಫೆಬ್ರವರಿ ೨೦೨೫

ಅಕ್ಕಾ,

ಈ ಮೂಲಕ ಸಮಸ್ತರಿಗೂ, ಅಂದರೆ ನಿನಗೊಬ್ಬಳಿಗೆ, ತಿಳಿಯಪಡಿಸುವುದೇನೆಂದರೆ ನಾನು ಕಳ್ಳ. ಸಂಕ್ರಾಂತಿಯ ಸಂಜೆ ನೀನೂ ನಿನ್ನ ಮಗಳು ಅಕ್ಷತಾಳೂ ಎಳ್ಳು ಬೀರಲು ಹೋಗಿದ್ದ ಹೊತ್ತಿನಲ್ಲಿ, ಭಾವ ಟೀವಿಯ ಮುಂದೆ ಬಾಯಿ ತೆರೆದು ನಿದ್ದೆ ಹೋಗಿರುವುದನ್ನು ಖಚಿತಪಡಿಸಿಕೊಂಡು, ನಿನ್ನ ಮನೆಯ ಫ್ರಿಜ್ಜಿನ ಮೇಲಿದ್ದ ಡಬ್ಬಕ್ಕೆ ಕೈಹಾಕಿ, ಕೆಂಪು ಮಾತ್ರೆಗಳ ಅರ್ಧ ಶೀಟನ್ನು ಜುಬ್ಬದ ಜೇಬಿಗೆ ಇಳಿಸಿದೆ. ಕೃತ್ಯಕ್ಕೆ ಬಳಸಿದ ಆಯುಧ, ಎರಡು ಬೆರಳು. ಸಾಕ್ಷಿ, ಗೋಡೆಯ ಮೇಲಿನ ಅಪ್ಪನ ಫೋಟೋ. ಅವರು ಬದುಕಿದ್ದಾಗಲೂ ನನ್ನನ್ನು ಹಿಡಿದುಕೊಟ್ಟವರಲ್ಲ.

ಕಾರಣ ತಲೆನೋವು. ಕಳೆದ ಬೇಸಿಗೆಯಿಂದ ಹಿಡಿದಿದೆ. ಬೆಳಗ್ಗೆ ಎದ್ದರೆ ಎಡಗಣ್ಣಿನ ಹಿಂದೆ ಯಾರೋ ಛತ್ರದ ಕಬ್ಬಿಣದ ಕುರ್ಚಿಗಳನ್ನು ಎಳೆದಾಡುತ್ತಿರುತ್ತಾರೆ. ಮಧ್ಯಾಹ್ನಕ್ಕೆ ಕುರ್ಚಿಯ ಸದ್ದು ನಿಂತು ಮಂಜು ಕವಿಯುತ್ತದೆ. ಹೇಳಬೇಕಾದ ಮಾತು ಬಾಗಿಲ ತನಕ ಬಂದು, ಚಪ್ಪಲಿ ಬಿಡುತ್ತ ಅಲ್ಲೇ ನಿಂತುಬಿಡುತ್ತದೆ, ಒಳಗೆ ಬರುವುದಿಲ್ಲ. ‘ಈಚೆಗೆ ಮಂಜು ಜಾಸ್ತಿಯಾಗಿದೆ’ ಎಂದು ಸ್ನೇಹಿತನಿಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿ, ಆ ಮಂಜು ಯಾವ ಕಾಲೇಜಿನವಳು ಎಂದು ಧರ್ಮಪತ್ನಿ ಕಾವ್ಯ ವಿಚಾರಿಸಿದಳು.

ಮೆಸೇಜು ಬಿಟ್ಟು ಅಂಚೆ ಯಾಕೆಂದರೆ, ಮೊಬೈಲಿನ ಬೆಳಕು ಈಗ ವೆಲ್ಡಿಂಗ್ ಕಿಡಿಯ ಹಾಗೆ ಕಣ್ಣಿಗೆ ಚುಚ್ಚುತ್ತದೆ. ಮಾತಾಡೋಣವೆಂದರೆ ನೀನು ಸ್ಪೀಕರಿಗೆ ಹಾಕುತ್ತೀಯೆ, ಭಾವ ಅದನ್ನು ಬೀದಿಗೆಲ್ಲ ಕೂಗುತ್ತಾರೆ. ನಿವೃತ್ತ ಕಂಡಕ್ಟರಿಗೆ ಯಾವ ಸುದ್ದಿಯೂ ನಾನ್‌ಸ್ಟಾಪ್ ಅಲ್ಲ.

ಡಾಕ್ಟರಿಗೆ ತೋರಿಸು ಅನ್ನುತ್ತೀಯೆ. ಹೋಗಿದ್ದೆ. ಗಾಜಿನ ಬಾಗಿಲಿನ ಆಸ್ಪತ್ರೆ. ಕೌಂಟರಿನ ಹುಡುಗಿ ‘ಇನ್ಶೂರೆನ್ಸ್ ಇದೆಯಾ ಸಾರ್?’ ಎಂದು, ಮಕ್ಕಳಾಗಿಲ್ವಾ ಎಂದು ಕೇಳುವಷ್ಟು ಮೆತ್ತಗೆ ಕೇಳಿದಳು. ಇಲ್ಲವೆಂದೆ. ಹಾಗಾದರೆ ಮೊದಲು ಸ್ಕ್ಯಾನಿಂಗ್‌ಗೆ ಅಡ್ವಾನ್ಸ್ ಕಟ್ಟಿ ಎಂದಳು. ಗಾಡಿ ಪಾರ್ಕ್ ಮಾಡಿ ಬರುತ್ತೇನೆಂದು ಹೊರಬಂದೆ. ಆ ಗಾಡಿಯನ್ನು ಇನ್ನೂ ಪಾರ್ಕ್ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ವಿಮೆಯ ಮಾತೆತ್ತಿದ್ದಕ್ಕೆ ಪ್ರಿನ್ಸಿಪಾಲರು ಬಹಳ ವಿನಯದಿಂದ, ‘ನೀವು ಅತಿಥಿ ಉಪನ್ಯಾಸಕರು ಗುರುಪ್ರಕಾಶ್. ಅತಿಥಿಗೆ ಯಾರಾದ್ರೂ ಕಾಫಿ ಕೊಡ್ತಾರೆ, ವಿಮೆ ಮಾಡಿಸ್ತಾರಾ?’ ಎಂದರು. ಕಾಫಿಯನ್ನೂ ಕೊಡಲಿಲ್ಲ.

ಗಾಬರಿ ಬೇಡ. ನಿನ್ನ ತಮ್ಮ ಇಪ್ಪತ್ತು ವರ್ಷದಿಂದ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಮದುವೆ, ಸನ್ಮಾನ, ಶಿವಗಣಾರಾಧನೆಗಳ ವೇದಿಕೆಯಲ್ಲಿ ಹಾಳೆ ಹಿಡಿಯದೆ ನಿರೂಪಣೆ ಮಾಡಿದವನು. ಬೀಗರ ಬೀಗರ ಹೆಸರು ಕೂಡ ತಪ್ಪಿದ್ದಿಲ್ಲ. ಕಾವ್ಯ ಮೊದಲ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿರುತ್ತಾಳೆ. ಜನ ಅದನ್ನು ಪ್ರೀತಿ ಅಂದುಕೊಳ್ಳುತ್ತಾರೆ, ನಾನೂ ತಿದ್ದಿಲ್ಲ. ಹಾಳೆ ಹಿಡಿಯದವನು ಶೀಟು ಹಿಡಿದದ್ದು ಇದೇ ಮೊದಲು.

ಕೊನೆಯದಾಗಿ, ಆ ಕೆಂಪು ಮಾತ್ರೆಯ ಹೆಸರು ಬರೆದು ಕಳಿಸು. ಶೀಟಿನ ಹಿಂಬದಿ ಹರಿದುಹೋಗಿದೆ. ಅದನ್ನು ನುಂಗಿದಷ್ಟು ದಿನ ತಲೆ ಊಟ ಮುಗಿದ ಛತ್ರದ ಹಾಗೆ ತಣ್ಣಗಿತ್ತು. ಎಷ್ಟೋ ತಲೆನೋವಿನ ಮಾತ್ರೆ ಕಂಡಿದ್ದೇನೆ, ಅಂಥದ್ದನ್ನು ಕಂಡಿಲ್ಲ.

ಇಂತಿ ತಪ್ಪೊಪ್ಪಿಕೊಂಡ
ಗುರುಪ್ರಕಾಶ್


ಕುಣಿಗಲ್
೧೨ ಫೆಬ್ರವರಿ ೨೦೨೫

ಗುರು,

ನಿನ್ನ ಕಾಗದವನ್ನು ಪೋಸ್ಟ್‌ಮ್ಯಾನ್ ಅಂಗಡಿಗೇ ತಂದುಕೊಟ್ಟ. ಬ್ಲೌಸ್ ಹೊಲಿಸಲು ಬಂದವರೆಲ್ಲ ಕೋರ್ಟಿನ ನೋಟಿಸು ಬಂತೇನೋ ಅನ್ನೋ ಹಾಗೆ ನೋಡಿದರು. ಈಗ ಯಾರು ಕಾಗದ ಬರೀತಾರೆ ಹೇಳು.

ಫ್ರಿಜ್ಜಿನ ಮೇಲೆ ಎರಡು ಡಬ್ಬ ಇವೆ. ನೀನು ಯಾವುದಕ್ಕೆ ಕೈ ಹಾಕಿದೆಯೋ ಗೊತ್ತಿಲ್ಲ. ಗೊತ್ತಾದರೂ ಹೆಸರು ಕಳಿಸುವುದಿಲ್ಲ. ಕಳಿಸಿದರೆ ಡಜನ್‌ಗಟ್ಟಲೆ ತಂದಿಟ್ಟುಕೊಳ್ಳುತ್ತೀಯ.

ಕಾಗದದಲ್ಲಿ ತಮಾಷೆ ತುಂಬ ಇತ್ತು. ಎರಡನೇ ಸಲ ಓದಿದಾಗ, ವರ್ಷದಿಂದ ತಲೆ ನೋಯುತ್ತಿದೆ ಅನ್ನೋದು ಸಿಕ್ಕಿತು. ಮುಂದಿನ ಸಲ ಅದನ್ನು ಮೊದಲನೇ ಸಾಲಿನಲ್ಲಿ ಬರಿ.

ಗಾಜಿನ ಬಾಗಿಲು ಬೇಡ ಅಂದರೆ ಸರ್ಕಾರಿ ಆಸ್ಪತ್ರೆಗೆ ಹೋಗು. ನನ್ನ ಹತ್ತಿರ ಬಟ್ಟೆ ಹೊಲಿಸುವ ನರಸಿಂಹಮ್ಮ ಅಲ್ಲೇ ನರ್ಸು. ಎಲ್ಲಿ ಚೀಟಿ ಮಾಡಿಸಬೇಕು, ಯಾರಿಗೆ ತೋರಿಸಬೇಕು ಎಲ್ಲ ಹೇಳ್ತಾಳೆ. ಅವಳ ನಂಬರು ಕಾವ್ಯಳಿಗೆ ಕಳಿಸಿದ್ದೇನೆ.

ಅಪ್ಪನೂ ಹಾಗಲವಾಡಿಯ ಜಗಲಿ ಮೇಲೆ ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ಕೂತಿರುತ್ತಿದ್ದರು. ನೀನು ಆಗ ಹಾಸ್ಟೆಲಿನಲ್ಲಿದ್ದೆ. ಅದರ ವಿಷಯ ಈಗ ಬೇಡ.

ಅಕ್ಷತಾಳಿಗೆ ಹುಲಿಯೂರುದುರ್ಗದ ಗಂಡು ಒಪ್ಪಿಗೆಯಾಗಿದೆ. ಹುಡುಗ ಒಳ್ಳೆಯವನು. ಇವಳೂ ಅವನೂ ಆಗಲೇ ಫೋನಿನಲ್ಲಿ ಜಗಳ ಆಡುವಷ್ಟು ಮುಂದೆ ಹೋಗಿದ್ದಾರೆ. ಹುಡುಗನ ತಾತ ಅಡವಿಯಪ್ಪನವರು ಇದ್ದಾರೆ. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೇ ಮಾತು. ಮೇ ತಿಂಗಳಲ್ಲಿ ನಿಶ್ಚಿತಾರ್ಥ. ನಿರೂಪಣೆ ನೀನೇ ಮಾಡಬೇಕು, ಅದನ್ನು ಕೇಳುವ ಹಾಗೇ ಇಲ್ಲ. ಅಷ್ಟರೊಳಗೆ ತಲೆ ತೋರಿಸಿಕೊಂಡು ಬಾ.

ಸರ್ವಮಂಗಳ


ತುಮಕೂರು
೨೪ ಮಾರ್ಚ್ ೨೦೨೫

ಅಕ್ಕಾ,

ಮೊದಲನೇ ಸಾಲು: ತಲೆ ನೋಯುತ್ತಿದೆ. ಅಪ್ಪಣೆ ಪಾಲಿಸಿದ್ದೇನೆ, ಇನ್ನು ತಮಾಷೆಗೆ ಅನುಮತಿ ಇದೆ ಎಂದು ಭಾವಿಸುತ್ತೇನೆ.

ಹೋದ ವಾರ ತರಗತಿಯಲ್ಲಿ ಛಂದಸ್ಸು ಹೇಳುತ್ತಿದ್ದೆ. ಷಟ್ಪದಿಗೆ ಎಷ್ಟು ಪಾದ ಎಂದು ಬೋರ್ಡಿನ ಮೇಲೆ ಬರೆಯಲು ಹೊರಟವನು ಸೀಮೆಸುಣ್ಣ ಹಿಡಿದು ನಿಂತುಬಿಟ್ಟೆ. ಉತ್ತರ ಪದದೊಳಗೇ ಇದೆ, ಪದ ಬೋರ್ಡಿನ ಮೇಲಿದೆ, ಆದರೂ ನನಗೂ ಅದಕ್ಕೂ ನಡುವೆ ಕುಣಿಗಲ್ ಕೆರೆಯಷ್ಟು ಅಗಲದ ಬಿಳುಪು. ತನುಶ್ರೀ ಎಂಬ ಹುಡುಗಿ ಕಡೆಗೆ ಕನಿಕರದಿಂದ ‘ಆರು, ಸಾರ್’ ಎಂದಳು. ನಿಮ್ಮನ್ನು ಪರೀಕ್ಷಿಸಿದೆ ಎಂದೆ. ಅವರೂ ನನ್ನನ್ನು ಪರೀಕ್ಷಿಸುತ್ತಿದ್ದರು. ಜೂನಿನಲ್ಲಿ ಅತಿಥಿಗಳ ಹೊಸ ಪಟ್ಟಿ ಆಗುತ್ತದೆ. ಪಾದ ಮರೆತವನಿಗೆ ಪೀಠ ಸಿಗುವುದೇ, ನೋಡಬೇಕು.

ವಿಮೆಯ ದಾರಿಯನ್ನೂ ನೋಡಿದೆ. ನನ್ನ ಹಳೆಯ ವಿದ್ಯಾರ್ಥಿ ರವೀಶ್ ಈಗ ಏಜೆಂಟು. ಪರೀಕ್ಷೆಯಲ್ಲಿ ಒಂದು ಪುಟವನ್ನೂ ತುಂಬದಿದ್ದವನು ಮನೆಗೇ ಬಂದು ನಾಲ್ಕು ಪುಟದ ಫಾರಂ ಬಿಚ್ಚಿದ. ಕಾಯಿಲೆಯ ಕಾಲಂ ಬಂದಾಗ ದನಿ ತಗ್ಗಿಸಿ, ‘ಸಾರ್, ತಲೆನೋವು ಅಂತ ಬರೀಬೇಡಿ. ಬರೆದ್ರೆ ಮೂರು ವರ್ಷ ತಲೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಕವರ್ ಆಗುತ್ತೆ’ ಎಂದ. ನಮ್ಮ ಕಾಲೇಜಿನವರು ಸಂಬಳ ಕೊಡುವುದೂ ತಲೆ ಬಿಟ್ಟು ಮಿಕ್ಕದ್ದಕ್ಕೇ ಕಣಪ್ಪ ಎಂದೆ. ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆದರೆ ಕವರ್ ಬರುವುದಿಲ್ಲ. ಫಾರಂ ಈಗ ಅಕ್ಕಿ ಡಬ್ಬದ ಕೆಳಗಿದೆ.

ಸರ್ಕಾರಿ ಆಸ್ಪತ್ರೆಗೂ ಹೋದೆ, ನಿನ್ನಾಣೆ. ಚೀಟಿಯ ಸಾಲಿನಲ್ಲಿ ನಿಂತಿದ್ದೆ. ನಾನು ಮದುವೆ ನಿರೂಪಣೆ ಮಾಡಿಕೊಟ್ಟ ಒಬ್ಬ ಯಜಮಾನರು ಹಿಂದಿನಿಂದ ಬೆನ್ನು ತಟ್ಟಿ, ‘ಏನ್ ಸಾರ್, ಇಲ್ಲೂ ಪ್ರೋಗ್ರಾಮಾ?’ ಎಂದರು. ಹೌದೆಂದೆ. ಅವರಿಗೆ ದಾರಿ ಬಿಟ್ಟು ಮನೆಗೆ ಬಂದೆ. ನಿರೂಪಕನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಒಂದು ಛತ್ರಕ್ಕೆ ಮುಟ್ಟಿದರೆ ಸಾಕು, ಉಳಿದ ಛತ್ರಗಳಿಗೆ ಅದೇ ನಡೆದುಕೊಂಡು ಹೋಗುತ್ತದೆ.

ಸದ್ಯಕ್ಕೆ ನನ್ನ ವೈದ್ಯ ನಾನೇ. ಅಂತರಸನಹಳ್ಳಿಯ ಒಂದು ಮೆಡಿಕಲ್ ಸ್ಟೋರು ಹುಡುಕಿಕೊಂಡಿದ್ದೇನೆ. ಅಲ್ಲಿ ನನ್ನನ್ನು ಸಾರ್ ಅನ್ನುವವರು ಯಾರೂ ಇಲ್ಲ. ಫ್ಯಾಕ್ಟರಿ ಬಿಟ್ಟವರ ಜೊತೆ ನಿಲ್ಲುತ್ತೇನೆ. ‘ಯಾವ ಶಿಫ್ಟಣ್ಣ?’ ಎಂದು ಕೇಳಿದರು. ಜನರಲ್ ಎಂದೆ. ನಿನ್ನ ಕೆಂಪು ಮಾತ್ರೆಯಷ್ಟು ಗುಣ ಯಾವುದರಲ್ಲೂ ಇಲ್ಲವಾದರೂ, ಬೆಳಗಿನ ಕ್ಲಾಸಿಗೊಂದು, ಮಧ್ಯಾಹ್ನದ ಮಂಜಿಗೊಂದು, ಮಾತ್ರೆ ನುಂಗಿದೆಯಾ ಎಂದು ಕಾವ್ಯ ಕೇಳುವ ತಲೆನೋವಿಗೊಂದು. ಶೀತ ತಲೆಗೇರುತ್ತದೆ ಎಂದು ಯಾರೋ ಹೇಳಿದ ಮೇಲೆ ಹಾಲು, ಮೊಸರು, ಮಜ್ಜಿಗೆ ಮೂರನ್ನೂ ಬಿಟ್ಟಿದ್ದೇನೆ. ಎಲ್ಲವೂ ಕ್ರಮಬದ್ಧವಾಗಿದೆ.

ನಿಶ್ಚಿತಾರ್ಥದ ಚಿಂತೆ ಬಿಡು. ಹಾಳೆ ಹಿಡಿಯುವುದಿಲ್ಲ.

ಅಪ್ಪನ ವಿಷಯ ನಿನಗೂ ಬೇಡ, ನನಗೂ ಬೇಡ.

ಗುರು


ಕುಣಿಗಲ್
೬ ಮೇ ೨೦೨೫

ಗುರು,

ಭಾನುವಾರ ಏನು ನಡೆಯಿತು ಅಂತ ನಿನಗೆ ಸರಿಯಾಗಿ ನೆನಪೇ ಇಲ್ಲವಂತೆ, ಕಾವ್ಯ ಫೋನಿನಲ್ಲಿ ಹೇಳಿದಳು. ಅದಕ್ಕೆ ಬರೆಯುತ್ತಿದ್ದೇನೆ.

ಶುರು ಚೆನ್ನಾಗಿತ್ತು. ಮೊದಲು ಅಪ್ಪನನ್ನು ನೆನೆದೆ. ‘ಲಿಂಗೈಕ್ಯ ಶ್ರೀ ರೇವಣಸಿದ್ದಯ್ಯನವರ ಆಶೀರ್ವಾದದಿಂದ’ ಅಂದೆ. ನನಗೆ ಕಣ್ಣು ತುಂಬಿ ಬಂತು. ನೀನು ಏನೋ ಹುಡುಕುವ ಹಾಗೆ ಮುಂದಿನ ಸಾಲನ್ನೇ ನೋಡುತ್ತಿದ್ದೆ. ಆಮೇಲೆ, ‘ಈಗ ಲಿಂಗೈಕ್ಯ ಶ್ರೀ ಅಡವಿಯಪ್ಪನವರು ದಯಮಾಡಿ ವೇದಿಕೆಗೆ ಆಗಮಿಸಬೇಕು’ ಅಂದೆ.

ಮೈಕು ಬೇರೆ ಚೆನ್ನಾಗಿತ್ತು. ಅಡುಗೆಯವರ ಸೌಟಿನ ಸದ್ದೂ ನಿಂತಿತು. ಸತ್ತವರಿಗೆ ಹೇಳುವ ಮಾತನ್ನು ಎದುರಿಗೇ ಕೂತಿರುವ ಹಿರಿಯರಿಗೆ ಹೇಳಿದ್ದೀಯ ಅಂತ ನಿನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ತಿಳಿಯಿತು. ಅವರ ಸೊಸೆಯರು ಎದ್ದು ನಿಂತರು. ಕೇಳಿಸಲಿಲ್ಲ ಅಂದುಕೊಂಡೆಯೋ ಏನೋ, ನೀನು ಇನ್ನೊಂದು ಸಲ ಅದನ್ನೇ, ಇನ್ನೂ ಸ್ಪಷ್ಟವಾಗಿ ಹೇಳಿದೆ.

ಅಡವಿಯಪ್ಪನವರು ಕೋಲು ಊರಿಕೊಂಡು ಮೆಟ್ಟಿಲು ಹತ್ತಿದರು. ನಿನ್ನ ಕೈಯಿಂದ ಮೈಕು ಇಸಕೊಂಡು, ‘ಎರಡು ಸಲ ಕರೆದವ್ರೆ, ಎದ್ದು ಬಂದಿದೀನಿ’ ಅಂದರು. ಗಂಡಸರೆಲ್ಲ ನಕ್ಕರು. ಸೊಸೆಯರು ನಗಲಿಲ್ಲ.

ಕಾವ್ಯ ಒಳಗೆ ಅಕ್ಷತಾಳಿಗೆ ಸೀರೆ ಉಡಿಸುತ್ತಿದ್ದಳು. ಮೈಕಿನಲ್ಲಿ ಕೇಳಿದ ಕೂಡಲೇ ಪಿನ್ನು ಬಾಯಲ್ಲಿ ಇಟ್ಟುಕೊಂಡೇ ಓಡಿ ಬಂದಳು. ಅಷ್ಟರಲ್ಲಿ ನೀನು ಹೆಂಡತಿಯನ್ನೂ ಬಿಟ್ಟು, ಊಟವನ್ನೂ ಬಿಟ್ಟು ಸ್ಕೂಟರ್ ಹತ್ತಿದ್ದೆ.

ಶಾಸ್ತ್ರ ಎಲ್ಲ ಮುಗಿಯಿತು. ಹೊರಡುವಾಗ ಹುಡುಗನ ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು. ಕೆಟ್ಟ ಹೆಂಗಸಲ್ಲ, ಹೆದರಿದ್ದಳು. ‘ನಿಮ್ಮ ತಂದೇವ್ರೂ ಕಡೇಗಾಲದಲ್ಲಿ ಹೆಸರು ಮರೀತಿದ್ರಂತಲ್ಲಕ್ಕಾ. ಈಗ ತಮ್ಮ. ಇದು ಮನೆತನದ್ದಾ?’ ಅಂದಳು. ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅನ್ನೋದೇ ನಿಜ. ನಿಜ ಹೇಳಿದ್ದಕ್ಕೆ ಅವಳಿಗೆ ಇನ್ನೂ ಹೆದರಿಕೆಯಾಯಿತು.

ಮದುವೆಯ ದಿನ ಗೊತ್ತು ಮಾಡುವುದು ನಿಂತಿದೆ. ಅಕ್ಷತಾ ಫೋನು ಬಂದರೆ ಮಹಡಿಗೆ ಹೋಗುತ್ತಿದ್ದವಳು ಈಗ ಹೋಗುತ್ತಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳಲು ಒಂದು ಉತ್ತರ ಬೇಕು.

ಸರ್ವಮಂಗಳ


ಕುಣಿಗಲ್
೨೨ ಮೇ ೨೦೨೫

ಗುರು,

ಕಾಗದ ಬರಲಿಲ್ಲ. ಅಂಚೆಯವನನ್ನು ಕೇಳಿದೆ. ನಿಮ್ಮದು ಏನೂ ಇಲ್ಲಕ್ಕಾ ಅಂದ.

ತಮಾಷೆ ಬರೆದರೂ ಪರವಾಗಿಲ್ಲ, ಬರಿ.

ಅಕ್ಕ


ತುಮಕೂರು
೪ ಜೂನ್ ೨೦೨೫

ಅಕ್ಕಾ,

ಹೋಗಿ ಬಂದೆ. ಈ ಸಲ ಕಾವ್ಯ ಜೊತೆಗಿದ್ದಳು. ಸ್ಕೂಟರ್ ಕೀ ಅವಳ ಹತ್ತಿರವೇ ಇತ್ತು, ಹೀಗಾಗಿ ಪಾರ್ಕಿಂಗಿನ ನೆಪ ನಡೆಯಲಿಲ್ಲ. ನರಸಿಂಹಮ್ಮ ಚೀಟಿ ಮಾಡಿಸಿ, ಬೆಂಚು ತೋರಿಸಿ, ‘ಮಂಗಳಕ್ಕನ ತಮ್ಮ ಅಂದ್ರೆ ನೀವೇನಾ, ಬಾಳ ಮಾತಾಡ್ತೀರಂತೆ’ ಎಂದಳು. ನನ್ನ ಕೀರ್ತಿ ಬ್ಲೌಸಿನ ಅಳತೆಯ ಜೊತೆಗೇ ಹರಡುತ್ತಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಬ್ಬಿಣದ ಕುರ್ಚಿಯ ಉಪಮೆ ಹೇಳಿದೆ, ನಗಲಿಲ್ಲ. ಮಂಜಿನ ಪ್ರಸಂಗ ಹೇಳಿದೆ, ಬರೆದುಕೊಂಡಳು. ಹೆಸರು ಮರೆಯುವುದು ಎಷ್ಟು ದಿನದಿಂದ ಎಂದು ಕೇಳಿದಳು. ಒಂದು ವರ್ಷದಿಂದ ಎಂದೆ. ಆಗ ಪಕ್ಕದಲ್ಲಿದ್ದ ಕಾವ್ಯ ಫಕ್ಕನೆ ನಕ್ಕಳು. ಡಾಕ್ಟರು ಅವಳ ಮುಖ ನೋಡಿದಳು. ಆ ನಗುವಿನ ವಿಷಯ ಇಲ್ಲಿ ಅಪ್ರಸ್ತುತ.

ಮಾತ್ರೆ ತಗೊಳ್ತೀರಾ ಎಂದಳು. ಅಪರೂಪಕ್ಕೆ ಎಂದೆ. ಕಾವ್ಯ ವ್ಯಾನಿಟಿ ಬ್ಯಾಗು ತೆರೆದು ಮೇಜಿನ ಮೇಲೆ ಬೋರಲು ಹಾಕಿದಳು. ಖಾಲಿ ಶೀಟು, ಖಾಲಿ ಶೀಟು. ಒಗೆಯಲು ಹಾಕಿದ ಜುಬ್ಬದ ಜೇಬುಗಳಿಂದ ಇಷ್ಟು ತಿಂಗಳೂ ತೆಗೆದಿಟ್ಟಿದ್ದಳಂತೆ. ಮೇಜು ಸನ್ಮಾನದ ವೇದಿಕೆಯ ಹಾಗೆ ಬೆಳ್ಳಗೆ ಥಳಥಳಿಸಿತು.

‘ತಲೆನೋವಿಗೆ ಮಾತ್ರೆ ತಗೊಳ್ತಿಲ್ಲ ಸಾರ್ ನೀವು. ಮಾತ್ರೆ ತಗೊಂಡು ತಗೊಂಡು ತಲೆನೋವು ತರಿಸ್ಕೊಳ್ತಿದೀರಿ’ ಎಂದಳು ಡಾಕ್ಟರು. ದಿನವೂ ನುಂಗಿದರೆ ಆಗುವುದೇ ಅದಂತೆ. ಮಾತ್ರೆ ಇಳಿಯುತ್ತಿದ್ದಂತೆ ನೋವು ಏರುತ್ತದೆ, ಅದಕ್ಕೆ ಮತ್ತೆ ಮಾತ್ರೆ. ಪೂರ್ತಿ ಬಿಡಬೇಕು. ಬಿಟ್ಟ ಮೊದಲ ಕೆಲವು ವಾರ ಇನ್ನೂ ಹೆಚ್ಚಾಗುತ್ತದೆ, ಆಮೇಲೆ ಇಳಿಯಬಹುದು.

ರಕ್ತಪರೀಕ್ಷೆಯೂ ಆಯಿತು. ಬಿ-ಟ್ವೆಲ್ವ್ ಎಂಬ ವಿಟಮಿನ್ನು ತಳ ಕಂಡಿದೆ. ಮಂಜಿಗೆ ಅದು ಕಾರಣ ಇರಬಹುದು, ಪೂರ್ತಿ ಅದೇ ಎಂದು ಈಗಲೇ ಹೇಳಲಾರೆ ಎಂದಳು. ಸೊಪ್ಪು ಬೇಳೆ ತಿನ್ನುವವರಿಗೆ ಅದು ಸಿಗುವುದು ಹಾಲು ಮೊಸರಿನಲ್ಲೇ ಅಂತೆ. ತಲೆತಲಾಂತರದಿಂದ ಸಸ್ಯಾಹಾರಿಗಳಾದ ನಮಗೆ ಇದ್ದದ್ದು ಅದೊಂದೇ ಬಾಗಿಲು, ಅದನ್ನೂ ಶೀತ ಎಂದು ನಾನೇ ಮುಚ್ಚಿ ಚಿಲಕ ಹಾಕಿದ್ದೆ. ಇಂಜೆಕ್ಷನ್ ಶುರುವಾಗಿದೆ.

ಸ್ಕ್ಯಾನಿಂಗ್ ಕೇಳಿದೆ. ಕಣ್ಣಿಗೆ ಟಾರ್ಚ್ ಬಿಟ್ಟು, ಮೊಣಕಾಲಿಗೆ ಸುತ್ತಿಗೆ ತಟ್ಟಿ, ಗೆರೆಯ ಮೇಲೆ ನಡೆಸಿ ನೋಡಿ, ಸದ್ಯಕ್ಕೆ ಅಂಥದ್ದೇನೂ ಕಾಣುತ್ತಿಲ್ಲ, ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾಡಿಸೋಣ ಎಂದಳು. ತಲೆಯೊಳಗೆ ಏನೋ ಬೆಳೆಯುತ್ತಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿನಗೆ ಬರೆದಿರಲಿಲ್ಲ. ಕಾವ್ಯಳಿಗೂ ಹೇಳಿರಲಿಲ್ಲ. ಗೊತ್ತಾದರೆ ಕಟ್ಟಲು ದುಡ್ಡಿಲ್ಲ, ಗೊತ್ತಾಗದಿದ್ದರೆ ಕಟ್ಟುವ ಹಾಗೂ ಇಲ್ಲ. ಅದೇ ನನ್ನ ವಿಮೆ ಆಗಿತ್ತು.

ನಿನಗೆ ಬೇಕಾಗಿದ್ದ ಉತ್ತರ: ಮನೆತನದ್ದು ಎಂದು ಹೇಳಲು ಕಾರಣ ಯಾವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರ ಮಾತಿನಲ್ಲೇ ಬರೆದಿದ್ದೇನೆ.

ಗುರು


ಕುಣಿಗಲ್
೧೮ ಜೂನ್ ೨೦೨೫

ಗುರು,

ನಿನ್ನ ಕಾಗದ ಬಂದ ದಿನವೇ ನಿಮ್ಮ ಭಾವನನ್ನು ಕರೆದುಕೊಂಡು ಹುಲಿಯೂರುದುರ್ಗಕ್ಕೆ ಹೋಗಿ ಬಂದೆ. ಡಾಕ್ಟರು ಹೇಳಿದ್ದನ್ನು ಹಾಗೇ ಹೇಳಿದೆ. ಸೊಸೆಯರು ಇನ್ನೂ ಅಪಶಕುನದ ಮಾತಾಡುತ್ತಿದ್ದರು. ಅಡವಿಯಪ್ಪನವರು ಒಂದೇ ಮಾತಿನಲ್ಲಿ ಮುಗಿಸಿದರು. ‘ಬದುಕಿರೋನ್ನ ಸತ್ತ ಅಂದ್ರೆ ಆಯಸ್ಸು ಜಾಸ್ತಿ ಆಯ್ತದೆ. ನನಗೆ ಬಾಳ ಆಗೈತೆ, ನಿಮಗೇ ಕಷ್ಟ’ ಅಂದರು. ಮದುವೆ ನವೆಂಬರಿಗೆ ಅಂತ ಆಯಿತು. ಅವರದು ಒಂದೇ ಷರತ್ತು. ನಿರೂಪಣೆ ನೀನೇ ಮಾಡಬೇಕಂತೆ. ಯಾವ ಬಾಯಿ ಸತ್ತ ಅಂತೋ ಅದೇ ಬಾಯಿ ಬದುಕಿದ್ದಾನೆ ಅನ್ನಬೇಕಂತೆ.

ಅಕ್ಷತಾ ಮತ್ತೆ ಮಹಡಿಗೆ ಹೋಗುತ್ತಿದ್ದಾಳೆ.

ಇನ್ನೊಂದು. ನೀನು ಕದ್ದ ಕೆಂಪು ಮಾತ್ರೆ ಯಾವುದು ಅಂತ ಗೊತ್ತಾಯಿತು. ತಲೆನೋವಿನ ಮಾತ್ರೆಯ ಡಬ್ಬ ಇದ್ದ ಹಾಗೇ ಇದೆ. ನೀನು ಕೈ ಹಾಕಿದ್ದು ಪಕ್ಕದ್ದಕ್ಕೆ. ನಿಮ್ಮ ಭಾವನ ಪಾದ ಜೋಮು ಹಿಡಿಯುತ್ತೆ ಅಂತ ಡಾಕ್ಟರು ಕೊಟ್ಟಿದ್ದ ವಿಟಮಿನ್ ಮಾತ್ರೆ. ಶೀಟಿನ ಮೇಲೆ ನೋಡಿದೆ, ನೀನು ಬರೆದ ಬಿ-ಟ್ವೆಲ್ವೇ ಅದರಲ್ಲೂ ಇದೆ. ನಾಲ್ಕು ದಿನ ನುಂಗಿದರೆ ಗುಣ ಆಗುತ್ತಾ ಅಂತ ನರಸಿಂಹಮ್ಮನನ್ನು ಕೇಳಿದೆ. ಅಷ್ಟು ಬೇಗ ಆಗಲ್ಲ, ಕದ್ದಿದ್ದಕ್ಕೆ ರುಚಿ ಜಾಸ್ತಿ ಅಂದಳು.

ಅಪ್ಪನ ವಿಷಯ ಬೇಡ ಅಂದುಕೊಂಡಿದ್ದೆ. ಕಡೇ ಎರಡು ವರ್ಷ ಅವರೂ ಹಾಲು ಮೊಸರು ಮುಟ್ಟುತ್ತಿರಲಿಲ್ಲ. ವ್ರತ ಅನ್ನುತ್ತಿದ್ದರು. ಕಾಲು ಜೋಮು ಅನ್ನುತ್ತಿದ್ದರು. ಆಮೇಲೆ ನನ್ನ ಹೆಸರು ಮರೆತರು. ಬಂದವರೆಲ್ಲ, ರೇವಣಸಿದ್ದಯ್ಯನವರಿಗೆ ಸಂಸಾರದ ಮೋಹ ಬಿಟ್ಟುಹೋಗಿದೆ ಅಂತ ಕೈ ಮುಗಿದು ಹೋಗುತ್ತಿದ್ದರು. ನಾನೂ ಅದನ್ನು ವೈರಾಗ್ಯ ಅಂದುಕೊಂಡಿದ್ದೆ. ಅದು ಏನಾಗಿತ್ತೋ ಈಗ ಯಾರಿಗೂ ಗೊತ್ತಾಗುವುದಿಲ್ಲ.

ಮೊಸರು ತಿನ್ನು.

ಸರ್ವಮಂಗಳ


ತುಮಕೂರು
೮ ಸೆಪ್ಟೆಂಬರ್ ೨೦೨೫

ಅಕ್ಕಾ,

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣ ಆಷಾಢವಲ್ಲ, ಡಾಕ್ಟರು ಹೇಳಿದ್ದೆಲ್ಲ ನಿಜವಾಗುತ್ತಿದ್ದುದು. ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ಕುರ್ಚಿ ಎಳೆಯುವವರು ಸಾಲದೆಂದು ಶಾಮಿಯಾನದವರೂ ಬಂದು ಗೂಟ ಹೊಡೆದರು. ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದೆ. ಕಾವ್ಯ ಮಿಕ್ಕಿದ್ದ ಮಾತ್ರೆಗಳನ್ನೆಲ್ಲ ಅಕ್ಕಿ ಡಬ್ಬದ ಕೆಳಗೆ, ರವೀಶನ ಫಾರಮಿನ ಜೊತೆ ಇಟ್ಟು, ಡಬ್ಬದ ಮೇಲೆ ಒರಳುಕಲ್ಲು ಹೇರಿದಳು. ಕಲ್ಲೆತ್ತುವ ಶಕ್ತಿ ಇಲ್ಲದ್ದಕ್ಕೆ ಚಟ ಬಿಟ್ಟಿತು.

ಈಗ ವಾರದಲ್ಲಿ ಒಂದೋ ಎರಡೋ ದಿನ ಬರುತ್ತದೆ. ಬಂದರೂ ಅತಿಥಿಯ ಹಾಗೆ ಬಂದು ಹೋಗುತ್ತದೆ, ಕಾಫಿ ಕೂಡ ಕೇಳುವುದಿಲ್ಲ. ಮಂಜು ಬಹುಪಾಲು ಸರಿದಿದೆ. ಡಾಕ್ಟರು ಮತ್ತೆ ನೋಡಿ ಸ್ಕ್ಯಾನಿಂಗ್ ಬೇಡ ಎಂದರು. ಕಾಲೇಜಿನವರು ಪಟ್ಟಿಯಲ್ಲಿ ಹೆಸರು ಉಳಿಸಿ, ಗಂಟೆಗಳನ್ನು ಅರ್ಧ ಮಾಡಿದ್ದಾರೆ. ಸಂಬಳಕ್ಕೆ ಈಗ ಮೂರೇ ಪಾದ, ಷಟ್ಪದಿಗೆ ಮಾತ್ರ ಆರೂ ಇವೆ. ವಿಮೆ ಇಲ್ಲ. ಮಿಕ್ಕ ಅಂಗಗಳಿಗೆಲ್ಲ ಸದ್ಯಕ್ಕೆ ಶಿಸ್ತಿನಿಂದಿರಲು ಸೂಚಿಸಿದ್ದೇನೆ.

ಅಪ್ಪನ ಬಗ್ಗೆ ನೀನು ಬರೆದದ್ದನ್ನು ಓದಿ ಮಡಚಿಟ್ಟಿದ್ದೇನೆ.

ಅಡವಿಯಪ್ಪನವರಿಗೆ ತಿಳಿಸು, ನಾನು ಸಿದ್ಧ. ಅವರನ್ನು ಸಾರ್ವಜನಿಕವಾಗಿ ಪುನರುಜ್ಜೀವನಗೊಳಿಸುತ್ತೇನೆ. ಅದೂ ಎಂದಿನಂತೆ, ಹಾಳೆ ಹಿಡಿಯದೆ.

ಗುರು


ಕುಣಿಗಲ್
೧೯ ನವೆಂಬರ್ ೨೦೨೫

ಗುರು,

ಮದುವೆ ಚೆನ್ನಾಗಿ ಆಯಿತು. ‘ನಮ್ಮೆಲ್ಲರ ನಡುವೆ ಗಟ್ಟಿಮುಟ್ಟಾಗಿ ಬದುಕಿ ಬಾಳುತ್ತಿರುವ ಶ್ರೀ ಅಡವಿಯಪ್ಪನವರು’ ಅಂತ ನೀನು ಕರೆದಾಗ ಅವರು ಕೂತಲ್ಲಿಂದಲೇ ‘ಇನ್ನೊಂದ್ ಸಲ ಹೇಳಿ’ ಅಂದದ್ದನ್ನು ಇಲ್ಲಿ ಎಲ್ಲರೂ ಹೇಳಿಕೊಂಡು ನಗುತ್ತಿದ್ದಾರೆ. ಒಂದು ಹೆಸರೂ ತಪ್ಪಲಿಲ್ಲ.

ಆದರೆ ಇವತ್ತು ಅಕ್ಷತಾಳ ಅತ್ತೆ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ ಕಡೆಗೆ, ‘ನಿಮ್ಮ ತಮ್ಮ ಹಾಳೆನೇ ಮುಟ್ಟಲ್ಲ ಅಂತಿದ್ರಿ. ಮೊನ್ನೆ ಮೊದಲಿಂದ ಕೊನೇವರೆಗೂ ಹಾಳೆ ನೋಡ್ಕೊಂಡೇ ಓದಿದ್ರಲ್ಲಕ್ಕಾ. ಇನ್ನೂ ವಾಸಿಯಾಗಿಲ್ವಾ?’ ಅಂದಳು. ಅಕ್ಷತಾ ಪಕ್ಕದಲ್ಲೇ ಇದ್ದಳಂತೆ. ಮದುವೆಯಾಗಿ ಮೂರು ದಿನಕ್ಕೆ ಆ ಹುಡುಗಿ ಆ ಪ್ರಶ್ನೆ ಕೇಳಿಸಿಕೊಂಡಿದ್ದಾಳೆ.

ಹಾಳೆ ನಾನೂ ನೋಡಿದೆ. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ. ತಲೆ ಸರಿಹೋಗಿದೆ ಅಂತ ಬರೆದದ್ದು ನನ್ನ ಸಮಾಧಾನಕ್ಕಾ? ಈ ಸಲ ಮೊದಲನೇ ಸಾಲಿನಿಂದ ಕೊನೆಯ ಸಾಲಿನ ತನಕ ನಿಜ ಬರಿ.

ಅಕ್ಕ


ತುಮಕೂರು
೨೪ ನವೆಂಬರ್ ೨೦೨೫

ಅಕ್ಕಾ,

ಮೊದಲನೇ ಸಾಲು: ತಲೆ ಸರಿಯಾಗಿದೆ. ಹಿಂದೆ ಎಷ್ಟು ಸರಿಯಾಗಿತ್ತೋ ಅಷ್ಟೇ ಸರಿಯಾಗಿದೆ. ತೊಂದರೆ ಇರುವುದು ಆ ‘ಅಷ್ಟೇ’ ಎಂಬಲ್ಲಿ.

ಮದುವೆಯ ದಿನ ಕಾವ್ಯ ಎಲ್ಲಿದ್ದಳು ನೆನಪಿಸಿಕೊ. ಸೋದರತ್ತೆಯೆಂದು ಮಂಟಪದಲ್ಲಿ, ಕಳಶ ಹಿಡಿದು, ನನಗೆ ಬೆನ್ನು ಮಾಡಿ ನಿಂತಿದ್ದಳು. ನಿಶ್ಚಿತಾರ್ಥದ ದಿನ ಒಳಗೆ ಸೀರೆ ಉಡಿಸುತ್ತಿದ್ದಳು. ಈ ಇಪ್ಪತ್ತು ವರ್ಷದಲ್ಲಿ ಅವಳು ಮೊದಲ ಸಾಲಿನಲ್ಲಿ ಇಲ್ಲದೆ ನಾನು ವೇದಿಕೆ ಹತ್ತಿದ್ದು ಈ ಎರಡೇ ಸಲ.

ಹಾಳೆ ಯಾವಾಗಲೂ ಇತ್ತು. ನನ್ನ ಕೈಯಲ್ಲಿ ಇರಲಿಲ್ಲ ಅಷ್ಟೆ. ಅವಳ ಮಡಿಲಲ್ಲಿ ವ್ಯಾನಿಟಿ ಬ್ಯಾಗು, ಬ್ಯಾಗಿನ ಮೇಲೆ ಹಾಳೆ. ಅವಳು ಸದ್ದಿಲ್ಲದೆ ತುಟಿ ಆಡಿಸುತ್ತಾಳೆ, ನಾನು ಸದ್ದು ಮಾಡಿ ಹೇಳುತ್ತೇನೆ. ಲಿಂಗೈಕ್ಯರಾದವರ ಹೆಸರು ಬಂದರೆ ಕಣ್ಣು ಮುಚ್ಚುತ್ತಾಳೆ. ಬದುಕಿರುವವರಿಗೆ ತೆರೆದಿರುತ್ತಾಳೆ. ನಿಶ್ಚಿತಾರ್ಥದಂದು ನಾನು ಮುಂದಿನ ಸಾಲಿನಲ್ಲಿ ಹುಡುಕುತ್ತಿದ್ದುದು ಆ ಕಣ್ಣುಗಳನ್ನು. ಅಪ್ಪನ ಹೆಸರಿನ ತನಕ ನನಗೆ ಬಾಯಿಪಾಠ ಬರುತ್ತದೆ. ಅಲ್ಲಿಂದಾಚೆ ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ ಎಂದು ಹೇಳುವವರು ಇರಲಿಲ್ಲ. ಅದಕ್ಕೆ ಮಂಜು ಬೇರೆ ಸೇರಿಕೊಂಡಿತ್ತು.

ಇದನ್ನು ಹುಲಿಯೂರುದುರ್ಗಕ್ಕೆ ಧಾರಾಳವಾಗಿ ತಿಳಿಸು. ಭಾವನ ಕೈಗೆ ಕೊಟ್ಟು ಬೀದಿಗೆ ಓದಿಸಿದರೂ ಅಡ್ಡಿಯಿಲ್ಲ. ಕಾಯಿಲೆ ಮನೆತನದ್ದಲ್ಲ, ನಿನ್ನ ತಮ್ಮನೊಬ್ಬನದೇ ಎಂದು ಅಕ್ಷತಾಳ ಅತ್ತೆಗೆ ಗೊತ್ತಾಗಲಿ.

ಆಸ್ಪತ್ರೆಯಲ್ಲಿ ಕಾವ್ಯ ನಕ್ಕದ್ದು ಅಪ್ರಸ್ತುತ ಎಂದು ಬರೆದಿದ್ದೆ. ಅಪ್ರಸ್ತುತವಲ್ಲ. ನಮ್ಮ ಮದುವೆಯ ದಿನ ಹೊಸಿಲಲ್ಲಿ ನಿಲ್ಲಿಸಿ, ಹೆಂಡತಿಯ ಹೆಸರು ಹೇಳಿ ಒಳಗೆ ಬಾ ಎಂದು ಅಡ್ಡ ಹಾಕಿದವಳು ನೀನೇ. ನಾನು ಪ್ರಾಸ ಕಟ್ಟಿಕೊಂಡು ಬಂದಿದ್ದೆ. ಮೂರು ಸಾಲು ಗಡಗಡನೆ ಹೇಳಿ, ನಾಲ್ಕನೆಯದಕ್ಕೆ ಬಂದು ಸುಮ್ಮನಾದೆ. ನಾಚಿಕೆ ಎಂದು ನೀವೆಲ್ಲ ನಕ್ಕಿರಿ. ನಾಚಿಕೆಯಲ್ಲ, ಹೆಸರು ಮರೆತಿತ್ತು. ಆಗಷ್ಟೇ ಮುಗಿಸಿದ ಕನ್ನಡ ಎಂ.ಎ., ಚಿನ್ನದ ಪದಕಕ್ಕೆ ಎರಡೇ ಅಂಕ ಕಡಿಮೆ, ‘ಕಾವ್ಯ’ ಎಂಬ ಪದ ಹೊಳೆಯಲಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ನನ್ನ ಕಡೆ ಸ್ವಲ್ಪವೇ ತಿರುಗಿ, ತುಟಿ ಆಡಿಸಿದಳು.

ನಿನ್ನ ತಮ್ಮ
ಗುರುಪ್ರಕಾಶ್